ಬೀಗದ ಕೈ ಯಾರ ಸೊಂಟದಲ್ಲಿ?

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಾಗ ಎಂಥ ಗಟ್ಟಿಗಿತ್ತಿಯ ಕೈಯೂ ಒಂದು ಕ್ಷಣ ತಡೆಯುತ್ತದೆ. ಮನೆ ಒಡತಿ ನೋಡಿದರೆ ಏನೆಂದಾಳೋ, ಬಿಟ್ಟು ಹೋಗುವ ದಿನ ಮುಂಗಡದ ಹಣದಲ್ಲಿ ಎಷ್ಟು ಹಿಡಿದುಕೊಂಡಾಳೋ ಎಂಬ ಲೆಕ್ಕಾಚಾರ. ವರ್ಗಾವಣೆಯ ನೌಕರಿಯವರನ್ನು ಕಟ್ಟಿಕೊಂಡು ಊರೂರು ತಿರುಗಿದ ನನ್ನಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ನೆಟ್ಟ ಮಲ್ಲಿಗೆ ಬಳ್ಳಿ ಮೊಗ್ಗು ಬಿಡುವ ಹೊತ್ತಿಗೆ ನಮ್ಮ ಸಾಮಾನು ಲಾರಿ ಹತ್ತಿರುತ್ತದೆ. ಆದರೂ ಹೆಂಗಸರು ಮೊಳೆ ಹೊಡೆಯುವುದನ್ನು ಬಿಟ್ಟಿಲ್ಲ, ಬಳ್ಳಿ ನೆಡುವುದನ್ನೂ ಬಿಟ್ಟಿಲ್ಲ.

ಅಂತರಜಾಲದಲ್ಲಿ ತಮ್ಮದೇ ಒಂದು ತಾಣ ಮಾಡಿಕೊಂಡವರ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಬಾಡಿಗೆ ಮನೆಗಳೇ. ಚರಿತ್ರೆ ಎಂದರೆ ಬಹಳ ಹಳೆಯದೇನಲ್ಲ. ನಮ್ಮ ಕಣ್ಣೆದುರಿಗೇ, ಮಕ್ಕಳು ಶಾಲೆಗೆ ಹೋಗಿ ಬಂದು ಮಾಡುತ್ತಿದ್ದ ಕಾಲದಲ್ಲೇ ನಡೆದುಹೋದದ್ದು. "ಅದೆಲ್ಲ ಹುಡುಗರ ವಿಷಯ, ನಮಗೇಕೆ?" ಎಂದು ನೀವು ಪುಟ ತಿರುಗಿಸುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಮೊದಲಿನಿಂದಲೂ ಹೆಂಗಸರಿದ್ದಾರೆ.

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಹೊರವಲಯದಲ್ಲಿ, ಫ್ರಾನ್ಸಿನ ಗಡಿಗೆ ತಾಗಿಕೊಂಡಂತೆ ಸರ್ನ್ ಎಂಬ ಭೌತವಿಜ್ಞಾನದ ದೊಡ್ಡ ಪ್ರಯೋಗಾಲಯವಿದೆ. ಅಲ್ಲಿ ಕೆಲಸಕ್ಕಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನವರು, ಒಂದು ಕಡತದಿಂದ ಇನ್ನೊಂದಕ್ಕೆ ದಾರಿ ತೋರಿಸುವ ಒಂದು ವ್ಯವಸ್ಥೆ ಬೇಕೆಂದು 1989ರ ಮಾರ್ಚ್‌ನಲ್ಲಿ ಮೇಲಧಿಕಾರಿಗೆ ಟಿಪ್ಪಣಿ ಬರೆದುಕೊಟ್ಟರು. 1990 ಮುಗಿಯುವಷ್ಟರಲ್ಲಿ ಪ್ರಪಂಚದ ಮೊದಲ ಜಾಲತಾಣ ಅವರ ಮೇಜಿನ ಮೇಲಿದ್ದ ಗಣಕದಲ್ಲೇ ತಯಾರಾಗಿತ್ತು. ಆ ಗಣಕವನ್ನು ಯಾರಾದರೂ ಆರಿಸಿಬಿಟ್ಟರೆ ಜಾಲವೇ ಆರಿಹೋಗುತ್ತದಲ್ಲ! ಅದಕ್ಕೇ ಅದರ ಮೈಗೆ ಒಂದು ಚೀಟಿ ಅಂಟಿಸಿ, ಇದು ಸರ್ವರ್, ಇದನ್ನು ಆರಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟರು. ಊರಿಗೆ ಹೊರಡುವಾಗ ನಾವು ಫ್ರಿಜ್ಜಿನ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸುವುದಿಲ್ಲವೆ, ಹಾಗೆ. ಮನೆ ಕಟ್ಟಿದ ದಿನವೇ ಅದನ್ನು ಕಾಯುವ ಚಿಂತೆಯೂ ಹುಟ್ಟಿತೆಂಬುದಕ್ಕೆ ಆ ಚೀಟಿಯೇ ಸಾಕ್ಷಿ.

1991ರಲ್ಲಿ ಇದು ಹೊರಗಿನವರಿಗೂ ತಿಳಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಯುರೋಪಿನ ಹೊರಗೆ ಮೊದಲ ಸರ್ವರ್ ಎದ್ದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ಪ್ರಯೋಗಾಲಯದಲ್ಲಿ. ಸರ್ನ್‌ಗೆ ಹೋಗಿ ಈ ಹೊಸ ವಿದ್ಯೆ ಕಂಡುಬಂದವರು ಪಾಲ್ ಕುಂಜ್ ಎಂಬ ವಿಜ್ಞಾನಿ. ಇದರಿಂದ ನಮ್ಮ ಓದುಗರಿಗೆ ಎಷ್ಟು ಅನುಕೂಲ ಎಂದು ಥಟ್ಟನೆ ಗುರುತಿಸಿ, ಕೆಲಸ ಆಗುವಂತೆ ಬೆನ್ನು ಹತ್ತಿದವರು ಅಲ್ಲಿನ ಗ್ರಂಥಪಾಲಕಿ ಲೂಯಿಸ್ ಆಡಿಸ್. 1993ರ ಏಪ್ರಿಲ್ 30ರಂದು ಸರ್ನ್ ಈ ವಿದ್ಯೆಯನ್ನು ಯಾರ ಹಂಗೂ ಇಲ್ಲದೆ ಯಾರು ಬೇಕಾದರೂ ಬಳಸಬಹುದೆಂದು ಸಾರಿತು. ಊರ ಬಾವಿಗೆ ಬೀಗ ಹಾಕಲಿಲ್ಲ ಎಂದಿಟ್ಟುಕೊಳ್ಳಿ. ಅವತ್ತು ಅವರು ಹಣದ ಆಸೆಗೆ ಬಿದ್ದಿದ್ದರೆ ಮುಂದಿನದು ಯಾವುದೂ ಹೀಗೆ ನಡೆಯುತ್ತಿರಲಿಲ್ಲ.

ಆದರೆ ಬಾವಿ ಊರದ್ದಾದ ಮಾತ್ರಕ್ಕೆ ಎಲ್ಲರಿಗೂ ಮನೆ ಆಗುವುದಿಲ್ಲವಲ್ಲ. ಪುಟ ಇಡಲು ಎಲ್ಲೋ ಒಂದು ಗಣಕ ಹಗಲು ರಾತ್ರಿ ಉರಿಯುತ್ತಿರಬೇಕು, ಅದಕ್ಕೊಂದು ವಿಳಾಸ ಬೇಕು. 1994ರ ಕೊನೆಯಲ್ಲಿ ಅಮೆರಿಕದ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಎಂಬಿಬ್ಬರು ಶುರು ಮಾಡಿದ ಕಂಪನಿ, ಮುಂದೆ ಜಿಯೋಸಿಟೀಸ್ ಎಂದು ಹೆಸರಾದದ್ದು, ಈ ತೊಡಕಿಗೆ ಒಂದು ಉಪಾಯ ಹೂಡಿತು. ಕೇಳಿದವರಿಗೆಲ್ಲ ಬಿಟ್ಟಿ ಜಾಗ ಕೊಡುವುದು! ಅದನ್ನು ಊರಿನಂತೆಯೇ ಬಡಾವಣೆಗಳಾಗಿ ವಿಂಗಡಿಸಿ, ಮನೆ ನಂಬರು ಸಮೇತ ಹಂಚಿದರು. ಸಿನಿಮಾ ಹುಚ್ಚಿನವರಿಗೆ ಹಾಲಿವುಡ್, ಸಂಸಾರಸ್ಥರಿಗೆ ಹಾರ್ಟ್‌ಲ್ಯಾಂಡ್. ಹೆಂಗಸರ ವಿಚಾರ ಬರೆಯುವವರಿಗೆ ವೆಲ್ಸ್‌ಲಿ, ಅದು ಅಮೆರಿಕದ ಹೆಸರಾಂತ ಮಹಿಳಾ ಕಾಲೇಜಿನ ಹೆಸರು. ಜನ ಮುಗಿಬಿದ್ದರು. ನಾಯಿಮರಿಯ ಫೋಟೋ, ಅಡುಗೆ, ತೀರಿಹೋದ ಮಗುವಿನ ನೆನಪು, ಊರಿನ ಹಳೆಯ ಮನೆತನಗಳ ವಂಶಾವಳಿ ಎಲ್ಲವನ್ನೂ ಅಲ್ಲಿ ಇಟ್ಟರು. ಮಿಣುಕುವ ನಕ್ಷತ್ರ, ಕಣ್ಣು ಕುಕ್ಕುವ ಬಣ್ಣ ನೋಡಿ ತಿಳಿದವರು ನಕ್ಕರಂತೆ. ನಗಲಿ ಬಿಡಿ, ಮೊದಲ ಮನೆಯ ಶೋಕೇಸಿನಲ್ಲಿ ನಾವೇನು ಇಟ್ಟಿರಲಿಲ್ಲ?

1999ರ ಜನವರಿಯಲ್ಲಿ ಯಾಹೂ ಕಂಪನಿ ಸುಮಾರು 350 ಕೋಟಿ ಡಾಲರ್ ಬೆಲೆಗೆ ಆ ಊರನ್ನೇ ಕೊಂಡುಕೊಳ್ಳುವುದಾಗಿ ಸಾರಿತು. ಅದೇ ವರ್ಷ ಹೊಸ ಕರಾರು ಬಂತು. ನೀವು ಬರೆದು ಇಟ್ಟದ್ದನ್ನು ನಾವು ಹೇಗೆ ಬೇಕಾದರೂ ಬಳಸಬಹುದು ಎಂಬ ಅರ್ಥ ಬರುವ ಮಾತು ಅದರಲ್ಲಿತ್ತು. ನಿವಾಸಿಗಳು ಸಿಟ್ಟಿಗೆದ್ದರು, ತಮ್ಮ ಪುಟಗಳನ್ನು ಬಣ್ಣಗೆಡಿಸಿ ಖಾಲಿ ಮಾಡಿ ಪ್ರತಿಭಟಿಸಿದರು. ಕಂಪನಿ ಕರಾರನ್ನು ತಿದ್ದಿತು. ಬಾಡಿಗೆದಾರರು ಗೆದ್ದ ಅಪರೂಪದ ಪ್ರಸಂಗವದು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಊರು ಹಳತಾಯಿತು, ಆದಾಯ ಬತ್ತಿತು. 2009ರ ಅಕ್ಟೋಬರ್ 26ರಂದು ಜಿಯೋಸಿಟೀಸ್ ಮುಚ್ಚಿತು. ಅಲ್ಲಿದ್ದ ಪುಟಗಳು ಸುಮಾರು 3 ಕೋಟಿ 80 ಲಕ್ಷ ಎನ್ನುತ್ತಾರೆ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತಾಗ ಊರು ಬಿಟ್ಟವರ ಕಥೆ ಕೇಳುತ್ತಾ ಬೆಳೆದವಳು ನಾನು. ಅವರ ನೋವಿಗೆ ಇದನ್ನು ಹೋಲಿಸಲಾರೆ. ಆದರೂ ಮುಳುಗಡೆ ಎಂಬ ಮಾತು ನೆನಪಾಗದೆ ಇರಲಿಲ್ಲ.

ಮುಳುಗುವ ಊರಿನಿಂದ ಕೈಗೆ ಸಿಕ್ಕಷ್ಟನ್ನು ಹೊತ್ತು ತಂದವರೂ ಇದ್ದರು. ಬ್ರೂಸ್ಟರ್ ಕೇಲ್ ಎಂಬುವರು 1996ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಕಟ್ಟಿ ಜಾಲದ ಪುಟಗಳ ನಕಲು ತೆಗೆದಿಡಲು ಆರಂಭಿಸಿದ್ದರು. ಜೇಸನ್ ಸ್ಕಾಟ್ ಮತ್ತು ಗೆಳೆಯರು 2009ರಲ್ಲಿ ಆರ್ಕೈವ್ ಟೀಮ್ ಎಂಬ ಗುಂಪು ಕಟ್ಟಿಕೊಂಡು ಜಿಯೋಸಿಟೀಸ್‌ನ ಪುಟಗಳನ್ನು ಹಗಲು ರಾತ್ರಿ ಇಳಿಸಿಕೊಂಡರು. ಎಲ್ಲ ಉಳಿಯಲಿಲ್ಲ, ಬಹಳಷ್ಟು ಉಳಿಯಿತು. ಇವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಜಾಲದಲ್ಲಿ ತಂದರು. ಆಗ ಕನ್ನಡ ಅಕ್ಷರಗಳದ್ದೇ ಒಂದು ಗೋಳು. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಆ ಫಾಂಟು ನಮ್ಮ ಗಣಕದಲ್ಲಿ ಇಲ್ಲದಿದ್ದರೆ ಕಾಗೆ ಕಾಲು ಗುಬ್ಬಿ ಕಾಲು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದ ಮೇಲೆ ಟೈಪು ಮಾಡುವುದು ಸುಲಭವಾಯಿತು. ಯೂನಿಕೋಡ್ ಎಂಬ ವಿಶ್ವವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು, ಆದರೆ ಮನೆಮನೆಯ ಗಣಕಕ್ಕೆ ಅದು ಇಳಿದುಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಹರಿಪ್ರಸಾದ್ ನಾಡಿಗರ 'ಸಂಪದ' 2005ರಲ್ಲಿ ಬಂತು. ಆಮೇಲೆ ನೋಡಿ, ಕನ್ನಡದ ಬ್ಲಾಗುಗಳು ಮಳೆ ಬಿದ್ದ ಮೇಲಿನ ಅಣಬೆಯಂತೆ ಎದ್ದವು. ಸಂಪಾದಕರ ವಿಷಾದಪತ್ರಕ್ಕೆ ಹೆದರದೆ ಎಷ್ಟೋ ಗೃಹಿಣಿಯರು ಬರೆಯತೊಡಗಿದರು.

ಮನೆ ನಮ್ಮದಲ್ಲ ಎಂಬುದು ನಮಗೆ ಗೊತ್ತಾಗಲು ತಡವಾಗಲಿಲ್ಲ. 2006ರ ಜುಲೈ 11ರಂದು ಮುಂಬಯಿಯ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದ ಕೆಲವೇ ದಿನಗಳಲ್ಲಿ, ಒಂದಿಷ್ಟು ಪುಟಗಳನ್ನು ತಡೆಯಬೇಕೆಂದು ದೂರಸಂಪರ್ಕ ಇಲಾಖೆ ಆದೇಶಿಸಿತು. ಇಂಟರ್ನೆಟ್ ಒದಗಿಸುವ ಕಂಪನಿಗಳು ಆ ಕೆಲವು ಪುಟಗಳ ಜೊತೆಗೆ ಬ್ಲಾಗ್‌ಸ್ಪಾಟ್ ಎಂಬ ಇಡೀ ಬಡಾವಣೆಗೇ ಬೇಲಿ ಹಾಕಿಬಿಟ್ಟವು. ಹಪ್ಪಳ ಸಂಡಿಗೆ ಬರೆದವರ ಮನೆಯೂ ಕೆಲವು ದಿನ ಬಂದ್!

ಇದರ ಮರುವರ್ಷ ಸಾಗರದಲ್ಲಿರುವ ನನ್ನ ಅಕ್ಕ ಬರೆಯಲು ಕುಳಿತಳು. ಅಮ್ಮನಿಗೆ ಆಗ ಎಂಬತ್ತರ ಹತ್ತಿರ. ಬಾಣಂತಿಗೆ ಯಾವ ಕಷಾಯ, ಹಸೆಗೆ ಕರೆಯುವಾಗ ಯಾವ ಹಾಡು, ಯಾವ ಸೊಪ್ಪಿನ ತಂಬುಳಿ ಯಾವ ನಂಜಿಗೆ ಎಂಬುದನ್ನೆಲ್ಲ ಅಮ್ಮ ಹೇಳಿದಂತೆಯೇ ಅಕ್ಕ ಬರೆದುಕೊಂಡು, ಬಿಟ್ಟಿ ಜಾಗ ಕೊಡುವ ಒಂದು ತಾಣದಲ್ಲಿ ಹಾಕುತ್ತಾ ಹೋದಳು. ಅಮ್ಮ ತೀರಿಕೊಳ್ಳುವ ಹೊತ್ತಿಗೆ ನೂರಮೂವತ್ತಕ್ಕೂ ಹೆಚ್ಚು ಬರಹಗಳಾಗಿದ್ದವು. ಕೆಲವು ವರ್ಷಗಳ ಮೇಲೆ ಆ ಕಂಪನಿ ಕದ ಹಾಕಿತು. ಮುಚ್ಚುತ್ತೇವೆ, ನಿಮ್ಮದನ್ನು ಒಯ್ಯಿರಿ ಎಂಬ ಇಂಗ್ಲಿಷ್ ಮಿಂಚಂಚೆ ಬಂದಿತ್ತಂತೆ, ನೂರೆಂಟು ಜಾಹೀರಾತುಗಳ ನಡುವೆ. ಮಗಳ ಬಾಣಂತನಕ್ಕೆಂದು ಬೇರೆ ಊರಿನಲ್ಲಿದ್ದ ಅಕ್ಕನ ಕಣ್ಣಿಗೆ ಅದು ಬಿದ್ದಾಗ ಕೊಟ್ಟ ಗಡುವು ಮುಗಿದಿತ್ತು. "ಅಮ್ಮನ್ನ ಎರಡನೇ ಸಲ ಕಳಕೊಂಡ ಹಾಗಾಯ್ತಲ್ಲೇ ಮಾರಾಯ್ತಿ" ಎಂದು ಅವಳು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ. ಮುಂದೆ ಅಕ್ಕನ ಮಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದಾಗ ಅರವತ್ತೊಂದು ಬರಹ ಸಿಕ್ಕವು. ಯಾರೋ ಕಾಣದ ಪುಣ್ಯಾತ್ಮರು ನಮ್ಮ ಅಮ್ಮನ ತಂಬುಳಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಪಾಡಿದ್ದರು. ಅಮ್ಮ ಶಾಲೆ ಬಿಟ್ಟ ದಿನದ ಕಥೆ ಮಾತ್ರ ಸಿಗಲಿಲ್ಲ. ಅಮ್ಮ ಅದನ್ನು ಅಕ್ಕನಿಗಷ್ಟೇ, ಒಮ್ಮೆ ಮಾತ್ರ ಹೇಳಿದ್ದಳು.

ಆವತ್ತಿನಿಂದ ನಾನು ಈ ಚರಿತ್ರೆಯನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಕಟ್ಟಿದವರು ಯಾರು ಎಂಬುದರ ಜೊತೆಗೆ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂದೂ ಹುಡುಕತೊಡಗಿದೆ.

1999ರ ಆಗಸ್ಟ್‌ನಲ್ಲಿ ಬಂದ ಬ್ಲಾಗರ್ ಎಂಬ ಸಲಕರಣೆಯ ಕಥೆ ನೋಡಿ. ಅದಕ್ಕೆ ಮುಂಚೆ ಒಂದು ಪುಟ ಹಾಕಬೇಕೆಂದರೆ ಎಚ್‌ಟಿಎಂಎಲ್ ಎಂಬ ಸಂಕೇತಗಳನ್ನು ಕೈಯಾರೆ ಬರೆದು, ಕಡತವನ್ನು ಸರ್ವರಿಗೆ ಏರಿಸಬೇಕಿತ್ತು. ಪತ್ರ ಬರೆದಷ್ಟೇ ಸಲೀಸಾಗಿ ಬರೆದು ಒಂದು ಗುಂಡಿ ಒತ್ತಿದರೆ ಸಾಕು ಎಂಬಂತೆ ಮಾಡಿದ್ದು ಪೈರಾ ಲ್ಯಾಬ್ಸ್. ಅದನ್ನು ಹುಟ್ಟುಹಾಕಿದವರಲ್ಲಿ ಇವಾನ್ ವಿಲಿಯಮ್ಸ್ ಜೊತೆಗೆ ಮೆಗ್ ಹೌರಿಹಾನ್ ಎಂಬ ಹೆಣ್ಣುಮಗಳೂ ಇದ್ದಳು. 2001ರ ಜನವರಿಯ ವೇಳೆಗೆ ದುಡ್ಡು ಬರಿದಾಗಿ ಮೆಗ್ ಸೇರಿ ಎಲ್ಲರೂ ಹೊರನಡೆದರು, ಇವಾನ್ ಒಬ್ಬರೇ ಉಳಿದು ನಡೆಸಿದರು. 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಲಕ್ಷಾಂತರ ಜನರ ದಿನಚರಿ ಒಬ್ಬ ಮನುಷ್ಯನ ಹಟದ ಮೇಲೆ ನಿಂತಿದ್ದ ದಿನಗಳಿದ್ದವು ಎಂದರೆ ಯೋಚಿಸಿ.

ಮೀನಾ ಟ್ರಾಟ್ ಎಂಬ ಇನ್ನೊಬ್ಬಾಕೆಗೆ ತನ್ನ ಬ್ಲಾಗಿಗೆ ಸಿಗುತ್ತಿದ್ದ ಸಲಕರಣೆಗಳು ಹಿಡಿಸಲಿಲ್ಲ. ಗಂಡ ಬೆನ್ ಜೊತೆ ಕೂತು ಬೇರೆಯದನ್ನೇ ಮಾಡಿದಳು. 2001ರ ಅಕ್ಟೋಬರ್‌ನಲ್ಲಿ ಮೂವಬಲ್ ಟೈಪ್ ಹೊರಬಂತು. ಗಂಡ ಹೆಂಡತಿ ಹುಟ್ಟಿದ್ದು ಆರು ದಿನಗಳ ಅಂತರದಲ್ಲಿ, ಅದಕ್ಕೇ ಅವರ ಕಂಪನಿಯ ಹೆಸರು ಸಿಕ್ಸ್ ಅಪಾರ್ಟ್! ಇದನ್ನು ನಮ್ಮದೇ ಸರ್ವರಿನಲ್ಲಿ ಹೂಡಿಕೊಳ್ಳಬಹುದಿತ್ತು. ಅಂದರೆ ಬೀಗದ ಕೈ ನಮ್ಮ ಬಳಿ. ಆದರೆ 2004ರ ಮೇ ತಿಂಗಳಲ್ಲಿ ಹೊಸ ಆವೃತ್ತಿಯ ದರ ಮತ್ತು ಷರತ್ತುಗಳು ಬಂದಾಗ ಅನೇಕರು ಬೇಸತ್ತು ಗಂಟು ಕಟ್ಟಿ ಹೊರಟರು. ಬಹಳ ಮಂದಿ ಸೇರಿದ ಮನೆಯೇ ವರ್ಡ್‌ಪ್ರೆಸ್.

ವರ್ಡ್‌ಪ್ರೆಸ್ ಹುಟ್ಟಿದ್ದು ಒಂದು ಪಾಳು ಮನೆಯಿಂದ. ಬಿ2 ಎಂಬ ತಂತ್ರಾಂಶವನ್ನು ಬರೆದಾತ ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ಹೋದಾಗ, ಅದನ್ನು ನೆಚ್ಚಿಕೊಂಡಿದ್ದ ಮ್ಯಾಟ್ ಮುಲನ್‌ವೆಗ್ ಎಂಬ ಟೆಕ್ಸಾಸಿನ ಹತ್ತೊಂಬತ್ತರ ಹುಡುಗ ಕೈಕಟ್ಟಿ ಕೂರಲಿಲ್ಲ. ಇಂಗ್ಲೆಂಡಿನ ಮೈಕ್ ಲಿಟಲ್ ಜೊತೆ ಸೇರಿ ಅದನ್ನು ಮುಂದುವರಿಸಿ 2003ರ ಮೇ 27ರಂದು ಹೊಸ ಹೆಸರಿನಲ್ಲಿ ಹೊರತಂದ. ಆ ಹೆಸರು ಸೂಚಿಸಿದವಳು ಅವನ ಗೆಳತಿ ಕ್ರಿಸ್ಟೀನ್ ಸೆಲೆಕ್ ಟ್ರೆಮುಲೆ. ಇನ್ನೊಬ್ಬರ ಕೃತಿಯನ್ನು ಹೀಗೆ ಮುಂದುವರಿಸಲು ಸಾಧ್ಯವಾದದ್ದು ಬಿ2 ಮುಕ್ತ ಪರವಾನಗಿಯಲ್ಲಿ ಇದ್ದುದರಿಂದ. ಯಜಮಾನ ಊರು ಬಿಟ್ಟರೂ ದೀಪ ಹಚ್ಚಲು ನೆರೆಯವರಿಗೆ ಹಕ್ಕಿತ್ತು. ಇಂದು ಪ್ರಪಂಚದ ನೂರು ಜಾಲತಾಣಗಳಲ್ಲಿ ನಲವತ್ತಕ್ಕೂ ಹೆಚ್ಚು ವರ್ಡ್‌ಪ್ರೆಸ್ಸಿನವು.

ಊರು ದೊಡ್ಡದಾದಂತೆ ಕಳ್ಳರೂ ಬಂದರು. "ನನ್ನ ತಂಬುಳಿಯನ್ನು ಯಾರು ಕದಿಯುತ್ತಾರೆ?" ಎಂದು ಅಕ್ಕ ನಗುತ್ತಿದ್ದಳು. ಈ ಕಳ್ಳನಿಗೆ ತಂಬುಳಿ ಬೇಕಿಲ್ಲ. ನಮ್ಮ ಮನೆಯ ಜಗುಲಿಯಲ್ಲಿ ಕೂತು ನಕಲಿ ಮಾತ್ರೆ ಮಾರಲು, ಬಂದ ನೆಂಟರನ್ನು ಮೋಸದ ತಾಣಕ್ಕೆ ಅಟ್ಟಲು, ನಮ್ಮ ಹೆಸರಿನಲ್ಲಿ ಸಾವಿರಾರು ಕಸದ ಅಂಚೆ ಕಳಿಸಲು ಅವನಿಗೆ ಜಾಗ ಬೇಕು. ಅವನು ಬಹುಮಟ್ಟಿಗೆ ಮನುಷ್ಯನೂ ಅಲ್ಲ, ಸಾಲು ಮನೆಗಳ ಚಿಲಕವನ್ನೆಲ್ಲ ಒಂದೊಂದಾಗಿ ಅಲ್ಲಾಡಿಸುತ್ತಾ ಹೋಗುವ ಒಂದು ಪ್ರೋಗ್ರಾಮು. 2013ರ ಏಪ್ರಿಲ್‌ನಲ್ಲಿ ಹೀಗೇ ಆಯಿತು. ವರ್ಡ್‌ಪ್ರೆಸ್ ತಾಣಗಳಲ್ಲಿ ಬಹಳ ಮಂದಿ 'ಅಡ್ಮಿನ್' ಎಂಬ ಬಳಕೆದಾರ ಹೆಸರನ್ನೇ ಉಳಿಸಿಕೊಂಡಿರುತ್ತಾರೆಂದು ತಿಳಿದ ದಾಳಿಕೋರರು, ವಶಪಡಿಸಿಕೊಂಡ ಸಾವಿರಾರು ಗಣಕಗಳಿಂದ ಒಂದೇ ಸಮನೆ ಆ ಹೆಸರಿಗೆ ಸಾಮಾನ್ಯ ಪಾಸ್‌ವರ್ಡ್‌ಗಳನ್ನು ಹಾಕಿ ನೋಡಿದರು. ಬಾಗಿಲ ಮೇಲಿನ ಹೂಕುಂಡದಡಿ ಬೀಗದ ಕೈ ಇಡುವುದು ಕಳ್ಳನಿಗೂ ಗೊತ್ತಿರುತ್ತದೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ಸಿಗೆ ತನ್ನ ಸಣ್ಣಪುಟ್ಟ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವ ಗುಣ ಬಂತು. ಅದರ ಬೆಲೆ ತಿಳಿದದ್ದು 2017ರಲ್ಲಿ. ಜನವರಿ 26ರಂದು ಒಂದು ದೊಡ್ಡ ಬಿರುಕನ್ನು ಮುಚ್ಚುವ ಆವೃತ್ತಿ ಬಿಡುಗಡೆಯಾಯಿತು. ಕೆಲವು ದಿನ ಗುಟ್ಟಾಗಿಟ್ಟು ಆಮೇಲೆ ಬಿರುಕಿನ ವಿವರ ಬಹಿರಂಗ ಮಾಡಿದರು. ತಾನಾಗಿ ನವೀಕರಣ ಆದ ತಾಣಗಳಿಗೆ ಏನೂ ಆಗಲಿಲ್ಲ. ಯಾರು ಆ ವ್ಯವಸ್ಥೆಯನ್ನು ಆರಿಸಿಟ್ಟಿದ್ದರೋ ಅವರ ತಾಣಗಳಲ್ಲಿ, ಕೆಲವೇ ದಿನಗಳಲ್ಲಿ, ಹತ್ತು ಲಕ್ಷಕ್ಕೂ ಮೀರಿ ಪುಟಗಳು ವಿರೂಪಗೊಂಡವೆಂದು ವರದಿಯಾಯಿತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸದ ಮನೆಯ ಗತಿ.

ಇನ್ನೊಂದು ಬೀಗ ದಾರಿಯದ್ದು. ಮೊದಲೆಲ್ಲ ನಾವು ಹಾಕಿದ ಪಾಸ್‌ವರ್ಡು ಜಾಲದಲ್ಲಿ ಪೋಸ್ಟ್ ಕಾರ್ಡಿನಂತೆ ತೆರೆದೇ ಸಾಗುತ್ತಿತ್ತು. ಅದನ್ನು ಲಕೋಟೆಗೆ ಹಾಕುವ ವಿದ್ಯೆಯನ್ನು ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಬಳಕೆಗೆ ತಂದಿತಾದರೂ ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ವರ್ಷವರ್ಷ ದುಡ್ಡು ತೆರಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವಾಸಂಸ್ಥೆ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರು ಲಕೋಟೆಯಿಲ್ಲದ ತಾಣಗಳೆಲ್ಲಕ್ಕೂ 'ಸುರಕ್ಷಿತವಲ್ಲ' ಎಂಬ ಹಣೆಪಟ್ಟಿ ಹಚ್ಚಿತು.

ವಿಳಾಸದ ಕಥೆಯೂ ಕೇಳಿ. ಡೊಮೇನ್ ಎಂದು ಕರೆಯುವ ಆ ಹೆಸರು ಕೊಂಡದ್ದಲ್ಲ, ಹಿಡುವಳಿಗೆ ಪಡೆದದ್ದು. ಅವಧಿ ಮುಗಿಯುವ ಮೊದಲು ಶುಲ್ಕ ಕಟ್ಟಬೇಕು. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟ್ ಕಂಪನಿಯ ಒಂದು ವಿಳಾಸಕ್ಕೆ ಕಟ್ಟಬೇಕಿದ್ದ 35 ಡಾಲರ್ ಬಾಕಿಯುಳಿದು ಹಾಟ್‌ಮೇಲ್ ಅಂಚೆ ತೆರೆಯದೆ ಜನ ಒದ್ದಾಡಿದರು. ಕೊನೆಗೆ ಅದನ್ನು ತನ್ನ ಕಾರ್ಡಿನಿಂದ ಕಟ್ಟಿದ್ದು ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್!

ಗೋಡೆ ಬೀಗ ಎಲ್ಲ ಗಟ್ಟಿ ಇದ್ದರೂ ಬಾಯಿಯ ಬೀಗ ಬೇರೆ. ಅಮೆರಿಕದ ಹೆದರ್ ಆರ್ಮ್‌ಸ್ಟ್ರಾಂಗ್ ತನ್ನ ತಾಣದಲ್ಲಿ ಕಚೇರಿಯವರನ್ನು ಗೇಲಿ ಮಾಡಿ ಬರೆದದ್ದಕ್ಕೆ 2002ರಲ್ಲಿ ಕೆಲಸ ಕಳೆದುಕೊಂಡಳು. ಅವಳ ತಾಣದ ಹೆಸರು 'ಡೂಸ್'. ಬರೆದು ಕೆಲಸ ಕಳೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಅದೇ ಮಾತಾಯಿತು. ಅವಳು ಬರೆಯುವುದನ್ನು ಬಿಡಲಿಲ್ಲ, ತಾಯ್ತನದ ಕಷ್ಟಗಳನ್ನು ಬರೆದು ಲಕ್ಷಾಂತರ ಓದುಗರನ್ನು ಪಡೆದಳು. ಬೀದಿಗೆ ತೆರೆದ ಕಿಟಕಿಯ ಬಳಿ ಎಷ್ಟು ಗಟ್ಟಿಯಾಗಿ ಮಾತಾಡಬೇಕೆಂಬುದನ್ನು ಒಬ್ಬೊಬ್ಬರೂ ತಾವೇ ತೀರ್ಮಾನಿಸಬೇಕು.

ಇದನ್ನೆಲ್ಲ ಓದಿ ನಾವು ಅಕ್ಕ ತಂಗಿ ಮಾಡಿದ್ದು ಸರಳವಾದ ಕೆಲಸ. ಅಕ್ಕನ ಹೆಸರಿನಲ್ಲೇ ಒಂದು ಡೊಮೇನ್ ಪಡೆದೆವು. ಅದರ ಶುಲ್ಕವನ್ನು ಮನೆ ಕಂದಾಯ ಕಟ್ಟುವ ವಾರದಲ್ಲೇ ಕಟ್ಟುತ್ತೇವೆ. ನಾಲ್ಕೈದು ಪದ ಜೋಡಿಸಿದ ಉದ್ದನೆಯ ಪಾಸ್‌ವರ್ಡು, ಅದರ ಮೇಲೆ ಮೊಬೈಲಿಗೆ ಬರುವ ಎರಡನೆಯ ಸಂಖ್ಯೆ. ಬೇಡದ ಪ್ಲಗಿನ್‌ಗಳನ್ನು ಕಿತ್ತೊಗೆದೆವು, ಒಂದೊಂದೂ ಒಂದೊಂದು ಹಿತ್ತಲ ಬಾಗಿಲು. ಹುಣ್ಣಿಮೆಗೊಮ್ಮೆ ಇಡೀ ತಾಣದ ನಕಲು ತೆಗೆದು ಒಂದನ್ನು ಅವಳ ಬೀರುವಿನಲ್ಲಿ, ಇನ್ನೊಂದನ್ನು ನನ್ನ ಮನೆಯಲ್ಲಿ ಇಡುತ್ತೇವೆ. ಎರಡು ತಿಂಗಳಿಗೊಮ್ಮೆ ಆ ನಕಲು ತೆರೆಯುತ್ತದೆಯೇ ಎಂದು ನೋಡುತ್ತೇವೆ, ಉಪ್ಪಿನಕಾಯಿ ಭರಣಿಯ ಬಟ್ಟೆ ಬಿಚ್ಚಿ ನೋಡುವ ಹಾಗೆ. ಹೊಸ ಬರಹ ಹಾಕಿದಾಗಲೆಲ್ಲ ಅದರ ಅಚ್ಚು ಪ್ರತಿಯನ್ನೂ ಒಂದು ಫೈಲಿನಲ್ಲಿ ಸೇರಿಸುತ್ತಾಳೆ ಅಕ್ಕ. ಇದಕ್ಕೆಲ್ಲ ತಿಂಗಳಿಗೆ ಒಂದು ಮಧ್ಯಾಹ್ನ ಸಾಕು.

ಸಿಕ್ಕಿದ ಅರವತ್ತೊಂದು ಬರಹ ಈಗ ಅಲ್ಲಿವೆ. ಸಿಗದವುಗಳಲ್ಲಿ ಇಪ್ಪತ್ತರಷ್ಟನ್ನು ಅಕ್ಕ ನೆನಪಿನಿಂದ ಮತ್ತೆ ಬರೆದಿದ್ದಾಳೆ. ಅಮ್ಮ ಶಾಲೆ ಬಿಟ್ಟ ದಿನದ ಕಥೆಗೆ ಕುಳಿತಾಗ ಮಾತ್ರ ಅವಳ ಪೆನ್ನು ನಿಲ್ಲುತ್ತದೆ. "ಅಮ್ಮ ಹೇಳಿದ ಮಾತೇ ಬೇರೆ ಇತ್ತು ಕಣೇ, ನನ್ನ ಮಾತು ಅದರಲ್ಲಿ ಸೇರಬಾರದು" ಎನ್ನುತ್ತಾಳೆ. ಆ ಪುಟಕ್ಕೆ ತಲೆಬರಹ ಮಾತ್ರ ಕೊಟ್ಟು ಖಾಲಿ ಬಿಟ್ಟಿದ್ದಾಳೆ. ಪಾಸ್‌ವರ್ಡು ಬರೆದ ಲಕೋಟೆಯನ್ನು ಮಗಳ ಕೈಗೆ ಕೊಟ್ಟು, ಮನೆ ಪತ್ರಗಳ ಜೊತೆ ಇಡು ಎಂದಿದ್ದಾಳೆ.